ನೆರಳಲ್ಲಿ ಮನೆಯವರ ಮುಖಗಳೆಲ್ಲ ಮಬ್ಬು. ಕಲರ್ ರೀಲಿನಲ್ಲಿ ಏನು ಮಾಡಬೇಕು?

ನೀಲಿಬಾಗಿಲು:

ಎಲ್ಲರಿಗೂ ನಮಸ್ಕಾರ. ಅಪ್ಪನ ಹಳೇ ಎಸ್‌ಎಲ್‌ಆರ್ ಫಿಲ್ಮ್ ಕ್ಯಾಮೆರಾ ಈಗ ನನ್ನ ಕೈಗೆ ಬಂದಿದೆ. ಪೂರ್ತಿ ಮ್ಯಾನುಯಲ್, 50 ಎಂಎಂ ಲೆನ್ಸ್. ವ್ಯೂಫೈಂಡರ್ ಒಳಗೆ ಒಂದು ಮುಳ್ಳು ಇದೆ, ಅದು ನಡುವೆ ನಿಂತರೆ ಬೆಳಕು ಸರಿ ಅಂತ ಅಪ್ಪ ಹೇಳಿಕೊಟ್ಟಿದ್ದಾರೆ. ಕೊಡಾಕ್ ಗೋಲ್ಡ್ 200 ಹಾಕಿಕೊಂಡು, ಮನೆಯವರೆಲ್ಲ ಹೊಳೆ ದಂಡೆಗೆ ಹೋಗಿದ್ದಾಗ ರೋಲ್ ಪೂರ್ತಿ ತೆಗೆದೆ.

ತೊಳೆಸಿ ತಂದು ನೋಡಿದರೆ, ಒಂದೇ ರೋಲನ್ನು ಇಬ್ಬರು ತೆಗೆದ ಹಾಗಿದೆ. ಬಿಸಿಲಲ್ಲಿ ಮಕ್ಕಳು ನೀರಾಡುತ್ತಿರುವ ಫೋಟೋಗಳು ಬಹಳ ಚೆನ್ನಾಗಿ ಬಂದಿವೆ. ಅಕ್ಕ ಅದರಲ್ಲಿ ಒಂದನ್ನು ದೊಡ್ಡದು ಮಾಡಿಸುತ್ತೇನೆ ಅಂತಿದ್ದಾಳೆ. ಆದರೆ ಮರದ ಕೆಳಗೆ ಎಲ್ಲರೂ ಕೂತಿದ್ದಾಗ ತೆಗೆದವು ಹಾಗಿಲ್ಲ. ಮುಖಗಳು ಬೂದಿ ಬಣ್ಣ, ಕಾಳು ಕಾಳು, ಕೆನ್ನೆಯ ಮೇಲೆ ಸ್ವಲ್ಪ ಹಸಿರು ಛಾಯೆ ಬೇರೆ. ಹೊಳೆ ಹಿಂದೆ ಬರುವ ಹಾಗೆ ನಿಲ್ಲಿಸಿದ ಗ್ರೂಪ್ ಫೋಟೋದಲ್ಲಿ ನೀರು ಥಳಥಳ ಅಂತಿದೆ, ಅಮ್ಮ ಚಿಕ್ಕಮ್ಮ ಎಲ್ಲ ಕಪ್ಪಗೆ. ರಾತ್ರಿ ಕೋಣೆಯೊಳಗೆ ಬಲ್ಬ್ ಬೆಳಕಲ್ಲಿ ತೆಗೆದವಂತೂ ಬರೀ ಕಿತ್ತಳೆ. ಎಲ್ಲದರಲ್ಲೂ ಮುಳ್ಳು ನಡುವೆಯೇ ಇತ್ತು.

ಮುಂದಿನ ತಿಂಗಳು ಮತ್ತೆ ಎಲ್ಲರೂ ಸೇರುತ್ತಿದ್ದೇವೆ. ಈ ಸಲ ಅಜ್ಜಿ ಬರುತ್ತಾರೆ. ಅವರು ಮನೆ ಬಿಟ್ಟು ಹೊರಡುವುದೇ ಅಪರೂಪ. ಅವರದ್ದು ಒಂದಾದರೂ ಒಳ್ಳೇ ಫೋಟೋ ಬೇಕೇ ಬೇಕು. ಯಾವ ಫಿಲ್ಮ್ ಹಾಕಲಿ? ಫ್ಲಾಷ್ ಬೇಕಾ? ಚಿಕ್ಕಪ್ಪ ವಿಮಾನದಲ್ಲಿ ಬರುವವರಿದ್ದಾರೆ, ರೀಲು ತರುತ್ತೇನೆ ಅಂದಿದ್ದಾರೆ, ಏನು ತರಲು ಹೇಳಲಿ?

ಇನ್ನೊಂದು ವಿಷಯ. ನಾನು ಫೋಕಸ್ ಮಾಡುವಷ್ಟರಲ್ಲಿ ನಗುತ್ತಿದ್ದವರು ನಗು ನಿಲ್ಲಿಸಿ ನೆಟ್ಟಗೆ ಕೂರುತ್ತಾರೆ. ಇದಕ್ಕೆ ಏನಾದರೂ ದಾರಿ ಇದೆಯಾ?

ಹಳೇಮೀಟರ್:

ಮೊದಲು ಪ್ರಿಂಟ್, ಸ್ಕ್ಯಾನ್ ಎರಡನ್ನೂ ಪಕ್ಕಕ್ಕಿಡಿ. ನೆಗೆಟಿವ್ ತೆಗೆದುಕೊಂಡು ಕಿಟಕಿ ಹತ್ತಿರ ಹೋಗಿ. ಪಟ್ಟಿಯ ಅಂಚು ಹಿಡಿದು ಆಕಾಶದ ಕಡೆ ಎತ್ತಿ ನೋಡಿ.

ಒಂದು ಫ್ರೇಮಿಗೂ ಇನ್ನೊಂದು ಫ್ರೇಮಿಗೂ ನಡುವೆ ಸಣ್ಣ ಖಾಲಿ ಜಾಗ ಇರುತ್ತದಲ್ಲ, ಅದು ಬೆಳಕೇ ಬೀಳದ ಫಿಲ್ಮ್. ಅದರ ಕಿತ್ತಳೆ ಬಣ್ಣವನ್ನು ಕಣ್ಣಲ್ಲಿ ಇಟ್ಟುಕೊಳ್ಳಿ. ಈಗ ಮರದ ಕೆಳಗಿನ ಫ್ರೇಮಿನಲ್ಲಿ ಅಮ್ಮನ ಮುಖ ಹುಡುಕಿ. ಕಣ್ಣಿನ ಗುಳಿ, ಗಲ್ಲದ ಕೆಳಗಿನ ನೆರಳು, ಕೂದಲು. ಈ ಜಾಗಗಳು ಆ ಖಾಲಿ ಪಟ್ಟಿಯಷ್ಟೇ ತಿಳಿಯಾಗಿದ್ದರೆ ಅಲ್ಲಿ ಫಿಲ್ಮ್ ಏನನ್ನೂ ಹಿಡಿದಿಲ್ಲ ಅಂತ ಅರ್ಥ. ಬಿಸಿಲಿನ ಫ್ರೇಮಿನಲ್ಲಿ ಮಕ್ಕಳ ಮುಖ ನೋಡಿ. ಅದು ಗಟ್ಟಿಯಾಗಿ, ಗಾಢವಾಗಿ ಕಾಣುತ್ತದೆ. ನೆಗೆಟಿವ್ ಗಟ್ಟಿ ಇದ್ದರೆ ಪ್ರಿಂಟ್ ಚೆನ್ನಾಗಿ ಬರುತ್ತದೆ. ತೆಳ್ಳಗಿದ್ದರೆ ಲ್ಯಾಬಿನ ಸ್ಕ್ಯಾನರ್ ಇಲ್ಲದ ವಿವರವನ್ನು ಎಳೆದು ಎಳೆದು ತೋರಿಸಲು ಹೋಗುತ್ತದೆ. ನಿಮಗೆ ಕಾಣುತ್ತಿರುವ ಬೂದಿ ಬಣ್ಣ, ಕಾಳು ಕಾಳು ಎಲ್ಲ ಅದೇ. ನಿಮ್ಮ ವಿವರಣೆ ಓದಿದರೆ ನೆರಳಿನ ಫ್ರೇಮುಗಳಿಗೆ ಬೆಳಕು ಸಾಲದೇ ಹೋಗಿದೆ ಅಂತ ನನಗೆ ಹೆಚ್ಚು ಕಡಿಮೆ ಖಾತ್ರಿ.

ಮುಳ್ಳು ನಡುವೆ ಇದ್ದರೂ ಹೀಗೇಕೆ? ಆ ಮುಳ್ಳನ್ನು ಆಡಿಸುವ, ಬೆಳಕು ಅಳೆಯುವ ಮೀಟರಿಗೆ ಅಮ್ಮ ಯಾರು, ಹೊಳೆ ಯಾವುದು ಗೊತ್ತಿಲ್ಲ. ಚೌಕಟ್ಟಿನೊಳಗೆ ಇರುವುದನ್ನೆಲ್ಲ ಸೇರಿಸಿ ಸರಾಸರಿ ತೆಗೆಯುತ್ತದೆ, ಹೆಚ್ಚೆಂದರೆ ನಡುವಿನ ಭಾಗಕ್ಕೆ ಸ್ವಲ್ಪ ಜಾಸ್ತಿ ಬೆಲೆ ಕೊಡುತ್ತದೆ. ಹಿಂದೆ ನೀರು ಹೊಳೆಯುತ್ತಿದ್ದರೆ ಅಥವಾ ಎಲೆಗಳ ನಡುವಿಂದ ಆಕಾಶ ಇಣುಕುತ್ತಿದ್ದರೆ "ಬೇಕಾದಷ್ಟು ಬೆಳಕಿದೆ" ಅಂತ ಹೇಳಿಬಿಡುತ್ತದೆ. ನೀವು ಅದರ ಮಾತು ಕೇಳಿ ಲೆನ್ಸ್ ಕಿರಿದು ಮಾಡುತ್ತೀರಿ. ಮುಖಕ್ಕೆ ಸಿಗಬೇಕಾದ ಬೆಳಕು ಅಲ್ಲೇ ಕಡಿತವಾಗುತ್ತದೆ.

ಪರಿಹಾರ ಸುಲಭ. ಅಳೆಯುವಾಗ ಹತ್ತಿರ ಹೋಗಿ. ಮುಖ ಅಥವಾ ಅವರು ಕೂತಿರುವ ನೆರಳಿನ ನೆಲ ಮಾತ್ರ ಚೌಕಟ್ಟಲ್ಲಿ ಇರುವ ಹಾಗೆ ನೋಡಿ, ಮುಳ್ಳು ನಡುವೆ ತಂದುಕೊಂಡು, ವಾಪಸ್ ನಿಮ್ಮ ಜಾಗಕ್ಕೆ ಬನ್ನಿ. ಆಮೇಲೆ ಮುಳ್ಳು ಎಲ್ಲಿಗೆ ಹೋದರೂ ತಲೆ ಕೆಡಿಸಿಕೊಳ್ಳಬೇಡಿ. ಅಜ್ಜಿ ಹತ್ತಿರ ಹೋಗಲು ಮುಜುಗರ ಅಂದರೆ, ನೀವು ನಿಂತಿರುವ ಕಡೆ ಅದೇ ತರಹದ ನೆರಳು ಇದ್ದರೆ ಆ ನೆಲವನ್ನು ಅಳೆದರೂ ಸಾಕು.

ಎರಡನೆಯದು, ಐಎಸ್‌ಒ ಡಯಲನ್ನು (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಅಂತ ಮೀಟರಿಗೆ ತಿಳಿಸುವ ಡಯಲ್) 200 ಬದಲು 100ಕ್ಕೆ ಇಟ್ಟುಬಿಡಿ. ಪ್ರತಿ ಫ್ರೇಮಿಗೂ ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡು ಪಟ್ಟು ಬೆಳಕು ಬೀಳುತ್ತದೆ. ಲ್ಯಾಬಿಗೆ ಏನೂ ಹೇಳಬೇಕಿಲ್ಲ, ಮಾಮೂಲಿಯಾಗಿ ತೊಳೆದರೆ ಸಾಕು. ಡಿಜಿಟಲ್‌ನಲ್ಲಿ ಪಳಗಿದವರಿಗೆ ಇದು ವಿಚಿತ್ರ ಅನ್ನಿಸುತ್ತದೆ, ಯಾಕೆಂದರೆ ಅಲ್ಲಿ ಬೆಳಕು ಜಾಸ್ತಿಯಾದರೆ ಬಿಳಿ ಭಾಗ ಸುಟ್ಟುಹೋಗುತ್ತದೆ. ಕಲರ್ ನೆಗೆಟಿವ್ ಇದಕ್ಕೆ ಪೂರ್ತಿ ಉಲ್ಟಾ. ಎರಡು ಸ್ಟಾಪ್ ಜಾಸ್ತಿಯಾದರೂ ಆರಾಮಾಗಿ ತಡೆದುಕೊಳ್ಳುತ್ತದೆ, ಎಷ್ಟೋ ಸಲ ಕಾಳು ಇನ್ನೂ ಕಡಿಮೆಯಾಗಿ ಬಣ್ಣ ನುಣುಪಾಗುತ್ತದೆ. ಕಡಿಮೆಯಾದರೆ ಮಾತ್ರ ಒಂದು ಸ್ಟಾಪಿಗೇ ನೆರಳು ಕೆಸರಾಗುತ್ತದೆ. ಹಾಗಾಗಿ ಅನುಮಾನ ಬಂದಾಗ ಒಂದು ಸ್ಟಾಪ್ ಜಾಸ್ತಿ ಕೊಡಿ. ಸ್ಲೈಡ್ ಫಿಲ್ಮಿಗೆ (ತೊಳೆದಾಗ ನೆಗೆಟಿವ್ ಬದಲು ನೇರ ಚಿತ್ರವೇ ಬರುವ ಫಿಲ್ಮ್) ಮಾತ್ರ ಈ ಮಾತು ಹಿಡಿಸುವುದಿಲ್ಲ. ಅಲ್ಲಿ ಅರ್ಧ ಸ್ಟಾಪ್ ಆಚೀಚೆಯಾದರೂ ಕಾಣುತ್ತದೆ. ಮನೆಯವರ ಜೊತೆ ಓಡಾಡುವಾಗ ಅಷ್ಟು ನಾಜೂಕಿನ ಫಿಲ್ಮ್ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಹಸಿರು ಛಾಯೆ ಮರದಿಂದ ಬಂದಿದ್ದು. ಎಲೆಗಳ ಮೂಲಕ ಸೋಸಿ ಬರುವ ಬೆಳಕೂ ಹಸಿರು, ಕೆಳಗೆ ಹುಲ್ಲಿದ್ದರೆ ಅಲ್ಲಿಂದ ಮೇಲೆ ಚಿಮ್ಮುವುದೂ ಹಸಿರು. ನಮ್ಮ ಕಣ್ಣು ಅದನ್ನು ತಾನೇ ಸರಿಮಾಡಿಕೊಂಡು ನೋಡುತ್ತದೆ, ಫಿಲ್ಮಿಗೆ ಆ ಗುಣ ಇಲ್ಲ. ಮರದ ಬುಡದಲ್ಲಿ ಕೂತವರನ್ನು ನೆರಳಿನ ಅಂಚಿಗೆ ಕರೆಸಿ. ನೆರಳು ಮುಗಿದು ಬಿಸಿಲು ಶುರುವಾಗುವ ಗೆರೆಯಿಂದ ಒಂದು ಹೆಜ್ಜೆ ಒಳಗೆ, ಮುಖ ಬಯಲಿನ ಕಡೆ. ಆಕಾಶದ ಬೆಳಕು ನೇರವಾಗಿ ಮುಖದ ಮೇಲೆ ಬೀಳುತ್ತದೆ, ಕಣ್ಣಲ್ಲಿ ಒಂದು ಹೊಳಪು ಬರುತ್ತದೆ, ಯಾರೂ ಕಣ್ಣು ಕಿರಿದು ಮಾಡುವುದಿಲ್ಲ. ವಯಸ್ಸಾದವರ ಮುಖಕ್ಕೆ ಇದಕ್ಕಿಂತ ಒಳ್ಳೇ ಬೆಳಕು ನನಗೆ ಇವತ್ತಿನವರೆಗೆ ಸಿಕ್ಕಿಲ್ಲ. ಸುಕ್ಕುಗಳು ಇರುತ್ತವೆ, ಆದರೆ ಕತ್ತರಿಸಿದ ಹಾಗೆ ಕಾಣುವುದಿಲ್ಲ. ಅಜ್ಜಿಗೆ ಕುರ್ಚಿ ಹಾಕುವುದೇ ಆ ಅಂಚಿನಲ್ಲಿ ಹಾಕಿಬಿಡಿ. ಅವರು ಅಲ್ಲಿ ಕೂತಿದ್ದರೆ ಉಳಿದವರು ತಾವಾಗೇ ಸುತ್ತ ಬಂದು ಸೇರುತ್ತಾರೆ.

ಫಿಲ್ಮ್ ವಿಷಯ. ಬಿಸಿಲಿಗೆ ಗೋಲ್ಡ್ 200 ಸಾಕು. ಅದರ ಹಳದಿ ಮಿಶ್ರಿತ ಬೆಚ್ಚಗಿನ ಬಣ್ಣ ಮನೆ ಫೋಟೋಗಳಿಗೆ ಒಪ್ಪುತ್ತದೆ. ನೆರಳೇ ಜಾಸ್ತಿ ಇರುವ ಕಡೆ 400ರ ಫಿಲ್ಮ್ ಒಳ್ಳೆಯದು. ಅಲ್ಟ್ರಾಮ್ಯಾಕ್ಸ್ 400 ಆಗಬಹುದು. ಅಜ್ಜಿಗಾಗಿ ಕೈ ಬಿಚ್ಚಿ ಖರ್ಚು ಮಾಡುವುದಾದರೆ ಪೋರ್ಟ್ರಾ 400. ಅದು ಚರ್ಮದ ಬಣ್ಣಕ್ಕೆಂದೇ ಮಾಡಿದ ಫಿಲ್ಮ್, ಕಾಂಟ್ರಾಸ್ಟ್ ಮೆದು. ಎಕ್ಟಾರ್ 100 ಬಹಳ ಚೂಪು, ಬಣ್ಣ ಗಾಢ, ಬೆಟ್ಟ ನೀರು ಆಕಾಶಕ್ಕೆ ಚೆಂದ. ಆದರೆ ಮುಖಗಳನ್ನು ಕೆಂಪಗೆ ಮಾಡುತ್ತದೆ, ಇಲ್ಲಿ ಬೇಡ.

ಇನ್ನು ನಗು ನಿಂತುಹೋಗುವ ವಿಷಯ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಕ್ಯಾಮೆರಾ ಕಣ್ಣಿಗೆ ಏರುವ ಮೊದಲೇ ಎಲ್ಲ ಹೊಂದಿಸಿಕೊಂಡಿರಬೇಕು. ಹೊಸ ಜಾಗಕ್ಕೆ ಹೋದ ಕೂಡಲೇ ನಾನು ಎರಡು ಸಲ ಅಳೆಯುತ್ತೇನೆ, ಬಿಸಿಲಲ್ಲಿ ಒಮ್ಮೆ, ನೆರಳಲ್ಲಿ ಒಮ್ಮೆ. ಎರಡನ್ನೂ ನೆನಪಿಟ್ಟುಕೊಂಡು ಆಮೇಲೆ ಮೀಟರ್ ಕಡೆ ನೋಡುವುದಿಲ್ಲ. ಮೀಟರೇ ಇಲ್ಲದಿದ್ದರೂ ಹಳೇ ಲೆಕ್ಕ ಒಂದಿದೆ. ಒಳ್ಳೇ ಬಿಸಿಲಿದ್ದರೆ ಎಫ್ 16 (ಎಫ್ ಅಂದರೆ ಲೆನ್ಸ್ ಕಿಂಡಿಯ ಅಳತೆ, ಅಂಕಿ ದೊಡ್ಡದಾದಷ್ಟು ಕಿಂಡಿ ಕಿರಿದು), ಶಟರ್ ವೇಗ ಐಎಸ್‌ಒ ಎಷ್ಟೋ ಅಷ್ಟರ ಹತ್ತಿರ. 100ಕ್ಕೆ ಇಟ್ಟರೆ 1/125, ಎಫ್ 16. ಅದನ್ನೇ 1/500, ಎಫ್ 8 ಮಾಡಿಕೊಂಡರೆ ಓಡುವ ಮಕ್ಕಳೂ ಅಲುಗಾಡದೆ ಬರುತ್ತಾರೆ. ನಿಮ್ಮ 50 ಎಂಎಂ ಲೆನ್ಸನ್ನು ಎಫ್ 8ಕ್ಕೆ, ದೂರವನ್ನು 3 ಮೀಟರಿಗೆ ಇಟ್ಟರೆ ಸುಮಾರು 2.3 ಮೀಟರಿನಿಂದ 4.2 ಮೀಟರಿನವರೆಗೆ ಎಲ್ಲ ಸ್ಪಷ್ಟ. ಅಷ್ಟರೊಳಗೆ ಯಾರೇ ಬಂದರೂ ಫೋಕಸ್ ರಿಂಗ್ ಮುಟ್ಟುವುದೇ ಬೇಡ. ಎತ್ತಿ, ನೋಡಿ, ಒತ್ತಿ, ಇಳಿಸಿ. ಅವರಿಗೆ ಗೊತ್ತಾಗುವಷ್ಟರಲ್ಲಿ ಮುಗಿದಿರುತ್ತದೆ. 35 ಎಂಎಂ ಲೆನ್ಸ್ ಸಿಕ್ಕರೆ ಇನ್ನೂ ಸಲೀಸು. ಅದೇ ಎಫ್ 8, ಅದೇ 3 ಮೀಟರಿನಲ್ಲಿ ಸುಮಾರು 2ರಿಂದ 7 ಮೀಟರಿನವರೆಗೆ ಸಿಗುತ್ತದೆ.

ನೆರಳಲ್ಲಿ ಈ ಐಷಾರಾಮ ಇಲ್ಲ. ಬಯಲು ನೆರಳಲ್ಲಿ ಬಿಸಿಲಿಗಿಂತ ನಾಲ್ಕು ಸ್ಟಾಪ್ ಕಡಿಮೆ ಅಂತ ಇಟ್ಟುಕೊಳ್ಳಿ. 100ಕ್ಕೆ ಇಟ್ಟ ಗೋಲ್ಡ್‌ನಲ್ಲಿ 1/125, ಎಫ್ 4 ಬರುತ್ತದೆ. ಎಫ್ 4ರಲ್ಲಿ ದೂರ ಅಂದಾಜು ಮಾಡಿದರೆ ಸಾಲದು, ಕಣ್ಣಿಗೆ ಫೋಕಸ್ ಮಾಡಲೇಬೇಕು. 400ರ ಫಿಲ್ಮನ್ನು 200 ಅಂತ ಇಟ್ಟರೆ 1/125ರಲ್ಲಿ ಎಫ್ 5.6 ಸಿಗುತ್ತದೆ. ಆ ಒಂದು ಸ್ಟಾಪಿಗಾಗಿಯೇ ನಾನು 400 ಅಂದದ್ದು. ದಟ್ಟ ಮರದಡಿ ಇನ್ನೂ ಕಡಿಮೆ ಇರುತ್ತದೆ, ಅಲ್ಲಿ ಅಳೆದೇ ತೆಗೆಯಿರಿ.

ಬಲ್ಬ್ ಬೆಳಕಿಗೆ ಇವು ಹೇಳಿ ಮಾಡಿಸಿದ ಫಿಲ್ಮುಗಳಲ್ಲ. ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಹಗಲು ಬೆಳಕಿಗೆ ಮಾಡಿದವು, ಹಳದಿ ಬಲ್ಬ್ 2700ರ ಆಸುಪಾಸು. ಅದರಲ್ಲಿ ನೀಲಿ ಬಹಳ ಕಡಿಮೆ. ಫಿಲ್ಮಿನ ನೀಲಿ ಪದರ ಉಪವಾಸ ಬೀಳುತ್ತದೆ. ಆಮೇಲೆ ಸ್ಕ್ಯಾನಿನಲ್ಲಿ ಸರಿಮಾಡಲು ಹೋದರೆ ಆ ಪದರದ ಕಾಳುಗಳೇ ಎದ್ದು ಬರುತ್ತವೆ. ನೀಲಿ 80ಎ ಫಿಲ್ಟರ್ ಹಾಕಬಹುದು, ಆದರೆ ಅದು ಎರಡು ಸ್ಟಾಪ್ ನುಂಗುತ್ತದೆ. ರಾತ್ರಿ ಆದ ಮೇಲೆ ಕ್ಯಾಮೆರಾ ಚೀಲದಲ್ಲಿಟ್ಟು ಎಲ್ಲರ ಜೊತೆ ಕೂತು ಮಾತಾಡಿ ಅಂತ ಹೇಳುತ್ತೇನೆ.

ಬಿಳಿಮಿಂಚು:

ಹಳೇಮೀಟರ್ ಅವರು ಫ್ಲಾಷ್ ಬಗ್ಗೆ ಒಂದು ಮಾತೂ ಬರೆದಿಲ್ಲ. ಅವರಿಗೆ ಇಷ್ಟ ಇಲ್ಲ ಅಂತ ಗೊತ್ತು. ಆದರೆ ಹೊಳೆ ಹಿಂದೆ ಇರುವ ಗ್ರೂಪ್ ಫೋಟೋಗೆ ಅದೇ ಮದ್ದು. ಹಗಲು ಹೊತ್ತಲ್ಲಿ ಫ್ಲಾಷ್ ಹಾಕಬೇಕು ಅಂತ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ.

ಚಿಕ್ಕ ಫ್ಲಾಷ್ ಸಾಕು. ಗೈಡ್ ನಂಬರ್ (ಫ್ಲಾಷಿನ ಶಕ್ತಿ ಹೇಳುವ ಅಂಕಿ) 20 ಅಂತ ಬರೆದಿದ್ದರೆ ಅದು ಮೀಟರ್ ಲೆಕ್ಕದಲ್ಲಿ, ಐಎಸ್‌ಒ 100ಕ್ಕೆ. 200ರ ಫಿಲ್ಮಿಗೆ 1.4ರಿಂದ ಗುಣಿಸಿ, 28 ಆಯಿತು. ಅದನ್ನು ದೂರದಿಂದ ಭಾಗಿಸಿದರೆ ಅಪರ್ಚರ್, ಅಂದರೆ ಎಫ್ ಅಂಕಿ. ಎರಡೂವರೆ ಮೀಟರ್ ದೂರದಲ್ಲಿ ನಿಂತಿದ್ದರೆ 28 ಭಾಗ 2.5, ಅಂದರೆ ಎಫ್ 11. ಶಟರನ್ನು ನಿಮ್ಮ ಕ್ಯಾಮೆರಾದ ಸಿಂಕ್ ವೇಗಕ್ಕೆ (ಫ್ಲಾಷ್ ಜೊತೆ ಇಡಬಹುದಾದ ಅತಿ ಹೆಚ್ಚು ವೇಗ) ಇಡಿ. ಡಯಲ್ ಮೇಲೆ ಆ ಅಂಕಿ ಬೇರೆ ಬಣ್ಣದಲ್ಲೋ, ಎಕ್ಸ್ ಗುರುತಿನ ಜೊತೆಗೋ ಇರುತ್ತದೆ. ಹಳೇ ಬಟ್ಟೆ ಶಟರ್ ಆದರೆ ಸಾಮಾನ್ಯವಾಗಿ 1/60, ಲೋಹದ್ದಾದರೆ 1/125. ಅದಕ್ಕಿಂತ ವೇಗ ಇಟ್ಟರೆ ಫ್ರೇಮಿನ ಒಂದು ಭಾಗಕ್ಕೆ ಫ್ಲಾಷ್ ತಲುಪುವುದೇ ಇಲ್ಲ. ಎಫ್ 11ರಲ್ಲಿ ಆಚೆಯ ಬಿಸಿಲಿನ ನೀರು ಎರಡು ಮೂರು ಸ್ಟಾಪ್ ಜಾಸ್ತಿಯಾಗುತ್ತದೆ. ಅವರೇ ಹೇಳಿದ ಹಾಗೆ ನೆಗೆಟಿವ್ ಅದನ್ನು ತಡೆದುಕೊಳ್ಳುತ್ತದೆ, ಮುಖಗಳೂ ಬೆಳಗುತ್ತವೆ.

ಗುಂಪು ದೊಡ್ಡದಿದ್ದು ನೀವು ಐದು ಮೀಟರ್ ಹಿಂದೆ ಹೋಗಬೇಕಾಗಿ ಬಂದರೆ ಚಿಕ್ಕ ಫ್ಲಾಷ್ ಸೋಲುತ್ತದೆ. ಆಗ ಎಲ್ಲರನ್ನೂ ನೆರಳಿನ ಅಂಚಿಗೆ ಕರೆಯುವುದೇ ಸರಿ.

ರಾತ್ರಿ ಕ್ಯಾಮೆರಾ ಒಳಗಿಡಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಫ್ಲಾಷ್ ಬೆಳಕು ಹಗಲಿನ ಬಣ್ಣದ್ದೇ. ಕಿತ್ತಳೆ ಕಾಟ ಇರುವುದಿಲ್ಲ. ಬಿಳಿ ಚಾವಣಿ ಇದ್ದು ಫ್ಲಾಷ್ ತಲೆ ಮೇಲಕ್ಕೆ ತಿರುಗುವಂತಿದ್ದರೆ ಅತ್ತ ಹೊಡೆಯಿರಿ, ಬೆಳಕು ಮೆತ್ತಗೆ ಕೆಳಗಿಳಿಯುತ್ತದೆ. ಎರಡು ಸ್ಟಾಪ್ ಲೆನ್ಸ್ ತೆರೆಯುವುದು ಮರೆಯಬೇಡಿ. ನಮ್ಮ ಮನೆಯ ಆಲ್ಬಮ್ಮುಗಳಲ್ಲಿ ಜನ ಬಾಯ್ತುಂಬ ನಗುವುದು ರಾತ್ರಿ ಫೋಟೋಗಳಲ್ಲೇ. ಹಗಲೆಲ್ಲ ಸುತ್ತಾಡಿ ಬಂದು, ಕಾಲು ಚಾಚಿ ಕೂತಾಗ ಯಾರಿಗೂ ಕ್ಯಾಮೆರಾ ಮುಂದೆ ನಟಿಸುವ ತ್ರಾಣ ಇರುವುದಿಲ್ಲ.

ಕೈಚೀಲ:

ಚಿಕ್ಕಪ್ಪನವರಿಗೆ ಒಂದೇ ಮಾತು ಹೇಳಿ. ರೀಲನ್ನು ದೊಡ್ಡ ಸೂಟ್‌ಕೇಸಿನಲ್ಲಿ ಹಾಕಿ ಕಳಿಸಬಾರದು. ಆ ಲಗೇಜಿಗೆ ಹಾಯಿಸುವ ಎಕ್ಸ್‌ರೇ ಜೋರು, ಫಿಲ್ಮ್ ಮಸುಕಾಗುತ್ತದೆ. ಕೈಚೀಲದಲ್ಲೇ ಇರಲಿ. ಈಗ ಕೆಲವು ಕಡೆ ಕೈಚೀಲಕ್ಕೂ ಸಿಟಿ ಸ್ಕ್ಯಾನರ್ ಬಂದಿದೆ, ಅದೂ ಫಿಲ್ಮಿಗೆ ಒಳ್ಳೆಯದಲ್ಲ. ರೀಲುಗಳನ್ನು ಪಾರದರ್ಶಕ ಚೀಲದಲ್ಲಿ ಬೇರೆ ಹಾಕಿ "ಕೈಯಲ್ಲೇ ನೋಡಿ" ಅಂತ ವಿನಯವಾಗಿ ಕೇಳಬೇಕು. ಸರದಿಯಲ್ಲಿ ನಿಲ್ಲುವ ಮೊದಲೇ ಚೀಲ ಹೊರಗೆ ತೆಗೆದಿಟ್ಟುಕೊಂಡರೆ ಗಡಿಬಿಡಿ ಇರುವುದಿಲ್ಲ.

ಕತ್ತಲೆಕೋಣೆ:

ನಾನು ತುಂಬಾ ವರ್ಷ ಲ್ಯಾಬಿನಲ್ಲಿ ಕೆಲಸ ಮಾಡಿದವನು. ಮನೆಯವರ ಪ್ರವಾಸದ ರೀಲುಗಳನ್ನೇ ಹೆಚ್ಚಾಗಿ ತೊಳೆದಿದ್ದೇನೆ. ಎರಡು ಮೂರು ವಿಷಯ ಸೇರಿಸುತ್ತೇನೆ.

ನೀಲಿಬಾಗಿಲು ಅವರೇ, ಕ್ಯಾಮೆರಾ ತಳದ ಬ್ಯಾಟರಿ ಮುಚ್ಚಳ ಬಿಚ್ಚಿ ಒಳಗೇನಿದೆ ನೋಡಿ. ಹಳೇ ಕ್ಯಾಮೆರಾಗಳಲ್ಲಿ ಎಷ್ಟೋ 1.35 ವೋಲ್ಟಿನ ಪಾದರಸದ ಬ್ಯಾಟರಿಗೆ ಮಾಡಿದವು. ಪಾದರಸ ವಿಷ ಅಂತ ಅವನ್ನು ನಿಲ್ಲಿಸಿದರು. ಈಗ ಅದೇ ಅಳತೆಯಲ್ಲಿ ಸಿಗುವುದು 1.5 ವೋಲ್ಟಿನ ಆಲ್ಕಲೈನ್. ವೋಲ್ಟ್ ಜಾಸ್ತಿಯಾದಾಗ ಬಹಳಷ್ಟು ಮೀಟರುಗಳ ಮುಳ್ಳು ಇರುವುದಕ್ಕಿಂತ ಹೆಚ್ಚು ಬೆಳಕು ತೋರಿಸುತ್ತದೆ. ಅದನ್ನು ನಂಬಿದರೆ ಪ್ರತಿ ಫ್ರೇಮೂ ಅಂಡರ್, ಅಂದರೆ ಬೆಳಕು ಸಾಲದ್ದು. ಬಿಸಿಲಿನ ಫೋಟೋಗಳು ಹೇಗೋ ಪಾರಾಗುತ್ತವೆ, ನೆರಳಿನವು ಮುಳುಗುತ್ತವೆ. ನಿಮ್ಮ ರೋಲಿನ ಕಥೆ ಇದಕ್ಕೆ ಸರಿ ಹೊಂದುತ್ತದೆ. ಕಿವಿ ಯಂತ್ರಕ್ಕೆ ಹಾಕುವ ಝಿಂಕ್-ಏರ್ ಬ್ಯಾಟರಿ ಸುಮಾರು 1.4 ವೋಲ್ಟ್, ಒಂದು ಚಿಕ್ಕ ಬಳೆಯಂಥ ಅಡಾಪ್ಟರ್ ಜೊತೆ ಅದು ಕೂರುತ್ತದೆ. ಅದರ ಮೇಲಿನ ಸ್ಟಿಕ್ಕರ್ ತೆಗೆದ ಮೇಲೆ ಕೆಲವು ವಾರ ಮಾತ್ರ ಬಾಳುತ್ತದೆ. ಹೊರಡುವ ಹಿಂದಿನ ದಿನ ತೆಗೆಯಿರಿ.

ಹಿಂಬದಿ ಬಾಗಿಲ ಅಂಚಿನ ಕಪ್ಪು ಸ್ಪಂಜನ್ನೂ ಬೆರಳಲ್ಲಿ ಮುಟ್ಟಿ ನೋಡಿ. ಡಾಂಬರಿನ ಹಾಗೆ ಅಂಟಿದರೆ ಬದಲಿಸುವ ಕಾಲ ಬಂದಿದೆ. ಬಿಟ್ಟರೆ ಫೋಟೋ ಅಂಚಲ್ಲಿ ಕೆಂಪು ಗೀರು ಬೀಳುತ್ತದೆ.

ರೀಲು ಹಾಕುವಾಗ ಒಂದು ಅಭ್ಯಾಸ ಮಾಡಿಕೊಳ್ಳಿ. ಬಾಗಿಲು ಮುಚ್ಚಿದ ಮೇಲೆ ಎಡಗಡೆಯ ರಿವೈಂಡ್ ಹಿಡಿಯನ್ನು ಮೆಲ್ಲಗೆ ತಿರುಗಿಸಿ, ಸ್ವಲ್ಪ ಬಿಗಿ ಸಿಗುವವರೆಗೆ. ಆಮೇಲೆ ಪ್ರತಿ ಸಲ ಲಿವರ್ ಎಳೆದಾಗ ಆ ಹಿಡಿ ತಾನೇ ತಿರುಗಬೇಕು. ತಿರುಗುತ್ತಿದ್ದರೆ ಫಿಲ್ಮ್ ಓಡುತ್ತಿದೆ. ತಿರುಗದಿದ್ದರೆ ರೀಲು ಹಲ್ಲಿಗೆ ಸಿಕ್ಕಿಕೊಂಡಿಲ್ಲ. ಖಾಲಿ ರೋಲ್ ಹಿಡಿದುಕೊಂಡು ಬಂದು "ಇಡೀ ಪ್ರವಾಸ ಇದರಲ್ಲಿದೆ" ಅಂದವರ ಮುಖ ನಾನು ಕೌಂಟರಿನ ಈಚೆಯಿಂದ ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಕಲರ್ ನೆಗೆಟಿವ್ ತೊಳೆಯುವ ಸಿ-41 ಪದ್ಧತಿ 1972ರಿಂದ ಇದೆ. ಡೆವಲಪರ್ 37.8 ಡಿಗ್ರಿ, ಮೂರು ನಿಮಿಷ ಹದಿನೈದು ಸೆಕೆಂಡ್. ಗೋಲ್ಡ್ ಆಗಲಿ ಪೋರ್ಟ್ರಾ ಆಗಲಿ, 100 ಆಗಲಿ 800 ಆಗಲಿ, ಎಲ್ಲಕ್ಕೂ ಅದೇ. ಹಾಗಾಗಿ ಡಯಲನ್ನು 100ಕ್ಕೆ ಇಟ್ಟಿದ್ದೆ ಅಂತ ಲ್ಯಾಬಿನವರಿಗೆ ಹೇಳಿ ಗೊಂದಲ ಮಾಡಬೇಡಿ. ಅವರು ಸಮಯ ಬದಲಾಯಿಸಿಬಿಟ್ಟರೆ ನೀವು ಕೊಟ್ಟ ಹೆಚ್ಚು ಬೆಳಕಿನ ಲಾಭ ಹೋಯಿತು. ಹೇಳಬೇಕಾದದ್ದು ಬೇರೆ ಇದೆ. ನೆಗೆಟಿವ್ ವಾಪಸ್ ಬೇಕು ಅಂತ ಮೊದಲೇ ಹೇಳಿ, ಸ್ಕ್ಯಾನ್ ಮಾತ್ರ ಕಳಿಸಿ ಸುಮ್ನಾಗುವ ಕಡೆಗಳೂ ಇವೆ. ಬಂದ ಸ್ಕ್ಯಾನ್ ಹಿಡಿಸದಿದ್ದರೆ ಅದೇ ನೆಗೆಟಿವ್ ಬೇರೆ ಕಡೆ ಸ್ಕ್ಯಾನ್ ಮಾಡಿಸಿ. ಹಸಿರು ಮುಖಗಳಲ್ಲಿ ಸ್ವಲ್ಪ ಭಾಗ ಸ್ಕ್ಯಾನ್ ಮಾಡಿದವರ ಕೈಯಲ್ಲೂ ಇರುತ್ತದೆ. ಯಂತ್ರ ಫ್ರೇಮಿನ ಸರಾಸರಿ ನೋಡಿ ಬಣ್ಣ ತೀರ್ಮಾನಿಸುತ್ತದೆ, ಕೂತು ಒಂದೊಂದನ್ನೇ ಸರಿಪಡಿಸುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ರೀಲನ್ನು ಫ್ರಿಜ್ಜಿನಲ್ಲಿ ಇಟ್ಟಿದ್ದರೆ ಹೊರಗೆ ತೆಗೆದು ಒಂದೆರಡು ಗಂಟೆ ಬಿಟ್ಟು ಡಬ್ಬಿ ತೆರೆಯಿರಿ, ಇಲ್ಲದಿದ್ದರೆ ಒಳಗೆ ಪಸೆ ಕೂರುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಕ್ಯಾಮೆರಾ ಬಿಡಬೇಡಿ. ಮುಗಿದ ರೋಲ್ ಬೇಗ ತೊಳೆಸಿ. ಅರ್ಧ ರೋಲನ್ನು ಮುಂದಿನ ಪ್ರವಾಸಕ್ಕೆ ಅಂತ ತಿಂಗಳುಗಟ್ಟಲೆ ಇಟ್ಟರೆ ಬಣ್ಣ ಸೊರಗುತ್ತದೆ. ನೆಗೆಟಿವ್ ಇಡುವ ಕವರ್ ಪಿವಿಸಿ ಪ್ಲಾಸ್ಟಿಕ್ ಆಗಿರಬಾರದು, ಪಾಲಿಪ್ರೊಪಿಲೀನ್ ಒಳ್ಳೆಯದು.

ನೀಲಿಬಾಗಿಲು:

ಇಷ್ಟು ಬಿಡಿಸಿ ಹೇಳುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಕಿಟಕಿಯಲ್ಲಿ ಹಿಡಿದು ನೋಡಿದೆ. ಮರದಡಿಯ ಫ್ರೇಮುಗಳಲ್ಲಿ ಕಣ್ಣಿನ ಗುಳಿಗೂ ಫ್ರೇಮುಗಳ ನಡುವಿನ ಪಟ್ಟಿಗೂ ಒಂದಿಷ್ಟೂ ವ್ಯತ್ಯಾಸ ಇಲ್ಲ. ಗ್ರೂಪ್ ಫೋಟೋದಲ್ಲಿ ನೀರಿನ ಭಾಗ ಮಾತ್ರ ಗಾಢ, ಜನ ಇರುವ ಕಡೆ ತಿಳಿ. ಬ್ಯಾಟರಿಯೂ ಕತ್ತಲೆಕೋಣೆ ಸರ್ ಹೇಳಿದ್ದೇ. ಹೊಸದು ಆಲ್ಕಲೈನ್, 1.5 ವೋಲ್ಟ್. ಅಪ್ಪನನ್ನು ಕೇಳಿದರೆ ಮೊದಲು ಬೇರೆ ಬ್ಯಾಟರಿ ಇತ್ತು, ಅದು ಸಿಗುವುದು ನಿಂತಮೇಲೆ ಕ್ಯಾಮೆರಾ ಬೀರುವಿಗೆ ಹೋಯಿತು ಅಂದರು. ಸ್ಪಂಜ್ ಗಟ್ಟಿಯಾಗೇ ಇದೆ.

ಝಿಂಕ್-ಏರ್ ಹುಡುಕುತ್ತೇನೆ. ಸಿಗದೇ ಹೋದರೆ ಈ ಬ್ಯಾಟರಿಯಲ್ಲೇ ನಡೆಸಬಹುದಾ? ಡಯಲ್ ಎಷ್ಟಕ್ಕೆ ಇಡಲಿ? ಹಳೇ ಆಲ್ಬಮ್ ತಿರುವಿ ಹಾಕಿದಾಗ ಇನ್ನೊಂದು ಕಂಡಿತು, ಅಪ್ಪ ಒಂದು ಫೋಟೋದಲ್ಲೂ ಇಲ್ಲ. ಎಲ್ಲ ಅವರೇ ತೆಗೆದದ್ದು.

ಹಳೇಮೀಟರ್:

ನಡೆಸಬಹುದು. ಮೋಡ ಇಲ್ಲದ ದಿನ, ಸೂರ್ಯ ಮೇಲಿರುವಾಗ, ಬಿಸಿಲು ನಿಮ್ಮ ಬೆನ್ನಿಗಿರಲಿ. ಡಯಲ್ 200ಕ್ಕೆ ಇಟ್ಟು ಬಿಸಿಲು ಬಿದ್ದ ಹುಲ್ಲಿನ ಕಡೆ ತಿರುಗಿಸಿ. ಚೌಕಟ್ಟಿನಲ್ಲಿ ಹುಲ್ಲು ಮಾತ್ರ, ಆಕಾಶ ಬರಬಾರದು. ಸರಿಯಾದ ಮೀಟರ್ 1/250, ಎಫ್ 16ರ ಆಸುಪಾಸು ತೋರಿಸಬೇಕು. ನಿಮ್ಮದು 1/500, ಎಫ್ 16ಕ್ಕೆ ಮುಳ್ಳು ನಡುವೆ ತಂದರೆ ಒಂದು ಸ್ಟಾಪ್ ಸುಳ್ಳು ಹೇಳುತ್ತಿದೆ. ಅದನ್ನು ಸರಿಪಡಿಸಲು ಡಯಲ್ 100. ಅದರ ಮೇಲೆ ನಾನು ಹೇಳಿದ ಹೆಚ್ಚಿನ ಒಂದು ಸ್ಟಾಪ್ ಸೇರಿದರೆ 50. ನೆರಳಲ್ಲೂ ಒಮ್ಮೆ ಫೋನಿನ ಮೀಟರ್ ಆ್ಯಪ್ ಜೊತೆ ಹೋಲಿಸಿ. ವೋಲ್ಟ್ ತಪ್ಪಿದ್ದಾಗ ಬಿಸಿಲಿನ ತಪ್ಪು ಮತ್ತು ನೆರಳಿನ ತಪ್ಪು ಒಂದೇ ಆಗಿರಬೇಕೆಂದಿಲ್ಲ. ತುಂಬಾ ವ್ಯತ್ಯಾಸ ಕಂಡರೆ ಮುಳ್ಳನ್ನು ಮರೆತು ಆ್ಯಪ್ಪನ್ನೇ ನೋಡಿ. ಶಟರ್ ಬ್ಯಾಟರಿ ಇಲ್ಲದೆಯೂ ಓಡುತ್ತದೆ, ನಿಮ್ಮದು ಪೂರ್ತಿ ಮ್ಯಾನುಯಲ್ ಅಲ್ವಾ.

ಬಿಳಿಮಿಂಚು ಅವರ ರಾತ್ರಿ ಫ್ಲಾಷ್ ಮಾತು ಒಪ್ಪಿದೆ. ಚಾವಣಿಗೆ ಹೊಡೆದ ಬೆಳಕಿಗೆ ನನ್ನ ತಕರಾರಿಲ್ಲ.

ಅಪ್ಪನ ವಿಷಯ ಓದಿ ಸುಮ್ಮನಿರಲು ಆಗಲಿಲ್ಲ. ಪ್ರತಿ ಮನೆಯಲ್ಲೂ ಕ್ಯಾಮೆರಾ ಹಿಡಿದವರು ಹೀಗೆ ಕಾಣೆಯಾಗುತ್ತಾರೆ. ನಾನು ಯಾವ ಪ್ರವಾಸಕ್ಕೆ ಹೋದರೂ ರೋಲಿನ ಒಂದು ಭಾಗವನ್ನು ಬೇರೆಯವರ ಕೈಗೆ ಕೊಡುತ್ತೇನೆ. ಬಿಸಿಲಲ್ಲಿ 1/500, ಎಫ್ 8, ಮೂರು ಮೀಟರ್ ಇಟ್ಟು ಕೊಟ್ಟರೆ ಹತ್ತು ವರ್ಷದ ಮಗುವೂ ತೆಗೆಯುತ್ತದೆ. "ಒತ್ತು, ಲಿವರ್ ಎಳಿ" ಅಂತ ಅಷ್ಟೇ ಹೇಳಿಕೊಡಬೇಕು. ನನ್ನ ಅಕ್ಕನ ಮಗಳು ಹಾಗೆ ತೆಗೆದ ಫ್ರೇಮುಗಳಲ್ಲಿ ತಲೆಗಳು ಅಲ್ಲಲ್ಲಿ ಕತ್ತರಿಸಿವೆ, ಎಲ್ಲರೂ ಕೆಳಗೆ ನೋಡುತ್ತಾ ಅವಳಿಗಾಗಿ ನಗುತ್ತಿದ್ದಾರೆ. ಆ ನಗು ನಾನು ಕ್ಯಾಮೆರಾ ಎತ್ತಿದಾಗ ಯಾರ ಮುಖದಲ್ಲೂ ಬರುವುದಿಲ್ಲ. ಗ್ರೂಪ್ ಫೋಟೋಗೆ ಸೆಲ್ಫ್ ಟೈಮರ್ ಇದೆ. ಹತ್ತು ಸೆಕೆಂಡ್ ಸಿಗುತ್ತದೆ, ಕ್ಯಾಮೆರಾ ಸ್ಟ್ಯಾಂಡ್ ಇಲ್ಲದಿದ್ದರೆ ಕಾರಿನ ಚಾವಣಿ ಮೇಲಿಡಿ.

ಇನ್ನು ಏನು ತೆಗೆಯಬೇಕು ಅನ್ನುವುದಕ್ಕೆ ನನ್ನ ಆಸೆ ಹೇಳುತ್ತೇನೆ. ಸಾಲಾಗಿ ನಿಂತ ಗ್ರೂಪ್ ಎರಡು ಮೂರು ಸಾಕು. ಮೂವತ್ತಾರರಲ್ಲಿ ಉಳಿದವನ್ನು ನಡುವಿನ ಹೊತ್ತಿಗೆ ಇಡಿ. ಡಿಕ್ಕಿಗೆ ಸಾಮಾನು ತುಂಬುವಾಗ, ದಾರಿ ಕೇಳಲು ಇಳಿದಾಗ, ಅಜ್ಜಿಗೆ ಯಾರೋ ಚಪ್ಪಲಿ ತೊಡಿಸುವಾಗ, ಅಪ್ಪ ಅಮ್ಮ ಸುಮ್ಮನೆ ನೀರು ನೋಡುತ್ತಾ ಕೂತಾಗ. ಅಜ್ಜಿಯ ಕೈಗಳನ್ನು ಹತ್ತಿರದಿಂದ ಒಂದು ತೆಗೆಯಿರಿ. 50 ಎಂಎಂ ಲೆನ್ಸ್ ಸಾಮಾನ್ಯವಾಗಿ ಅರ್ಧ ಮೀಟರ್ ಹತ್ತಿರದವರೆಗೆ ಫೋಕಸ್ ಆಗುತ್ತದೆ. ಅಷ್ಟು ಹತ್ತಿರ ಹೋದಾಗ ಎಫ್ 8 ಬೇಕು, ಹಾಗಾಗಿ ಬೆಳಕಿರುವಾಗಲೇ ತೆಗೆಯಿರಿ.

ಚಿಕ್ಕಪ್ಪನವರಿಗೆ 400ರ ಎರಡು ರೋಲ್ ಹೇಳಿ. ಅಜ್ಜಿಯ ಫೋಟೋ ಬೆಳಗ್ಗೆ ತಲುಪಿದ ಕೂಡಲೇ ತೆಗೆದುಬಿಡಿ, ಮಧ್ಯಾಹ್ನದ ಹೊತ್ತಿಗೆ ಅವರಿಗೆ ಆಯಾಸವಾಗಿರುತ್ತದೆ. ತೊಳೆಸಿ ಬಂದ ಮೇಲೆ ಇಲ್ಲಿ ಹಾಕಿ, ನೆಗೆಟಿವ್ ಹೇಗೆ ಬಂದಿದೆ ಅಂತಲೂ ಬರೆಯಿರಿ.